ಮೇಸ್ತ್ರಿ ಬೇರೆ, ರೈಟರ್ ಬೇರೆ

ನೀಲಗಿರಿಯ ಟೀ ತೋಟದವರಿಗೆ ಮೂಡಿಗೆರೆ ಕಡೆಯ ಕಾಫಿ ತೋಟದ ವಿಚಾರ ಹೇಳಹೊರಟರೆ ಒಂದು ಕಡೆ ಮಾತು ತೊಡರುತ್ತದೆ. ರೈಟರೂ ಸೂಪರ್‌ವೈಸರ್, ಮೇಸ್ತ್ರಿಯೂ ಸೂಪರ್‌ವೈಸರ್, ಮತ್ತೆ ಇಬ್ಬರು ಯಾಕೆ ಅನ್ನುತ್ತಾರೆ. ಅವರನ್ನೇನು ಅನ್ನುವುದು, ಚಿಕ್ಕಮಗಳೂರು, ಸಕಲೇಶಪುರ ಕಡೆಯ ಕೆಲವು ತೋಟಗಳಲ್ಲೇ ಈಗ ಇಬ್ಬರಿಗೂ ಅದೇ ಹೆಸರು. ಒಂದು ಸಂಬಳ ಉಳಿಯಿತೆಂದು ಎರಡೂ ಕೆಲಸ ಒಬ್ಬನ ಕೈಗೆ ಕೊಡುವುದೂ ಉಂಟು. ಲುಕ್ಸಾನು ಶುರುವಾಗುವುದು ಅಲ್ಲಿಂದಲೇ ಎಂಬುದು ನನ್ನ ಅನಿಸಿಕೆ.

ಆಳು ಮತ್ತು ಗಿಡ ಮೇಸ್ತ್ರಿಯ ಪಾಲು. ಹಾಜರಿ, ತೂಕ, ಸ್ಟೋರು, ಮುಂಗಡದ ಲೆಕ್ಕ ರೈಟರ ಪಾಲು. ಬೆಳಿಗ್ಗೆ ಯಾರು ಯಾವ ಸಾಲಿಗೆ ಇಳಿಯಬೇಕೆಂದು ಹೇಳುವವನು ಮೇಸ್ತ್ರಿ. ಹಣ್ಣಿನ ಜೊತೆ ಹಸಿರು ಕಾಯಿ ಉದುರಿಸುತ್ತಿದ್ದರೆ, ರೆಕ್ಕೆ, ಅಂದರೆ ಗಿಡದ ಕೊಂಬೆ, ಜಗ್ಗಿ ಮುರಿಯುತ್ತಿದ್ದರೆ ಗದರುವವನೂ ಅವನೇ. ಮುರಿದ ರೆಕ್ಕೆಯೆಂದರೆ ಮುಂದಿನ ವರ್ಷದ ಫಸಲಿಗೇ ಕತ್ತರಿ. ಗಿಡದ ಬುಡದಲ್ಲಿ ಉದುರಿದ ಹಣ್ಣು ಆಯಿಸದೆ ಬಿಟ್ಟರೆ ಕಾಯಿಕೊರಕ ಅದರಲ್ಲೇ ಸಂತಾನ ಬೆಳೆಸುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಕಾಂಡ ಕೊರೆಯುವ ಬೋರರ್ ದುಂಬಿ ಹಾರುವ ಮೊದಲು, ಅರೇಬಿಕಾ ಜಾತಿಯ ಕಾಫಿ ಗಿಡಗಳ ಕಾಂಡ ನೋಡುತ್ತಾ ಅದರ ಹುಳು ಹೊಕ್ಕ ಗಿಡ ಹುಡುಕುವುದೂ ಮೇಸ್ತ್ರಿಯ ಕಣ್ಣಿನ ಕೆಲಸ. ಎಲೆ ಹಳದಿ ತಿರುಗಿ ಕಾಂಡದ ಮೇಲೆ ಉಬ್ಬುಗೆರೆ ಕಂಡರೆ ಆ ಗಿಡ ಕಿತ್ತು ಸುಡಬೇಕು. ಎಷ್ಟು ಕಿತ್ತರು ಎಂಬ ಸಂಖ್ಯೆ ಮಾತ್ರ ರೈಟರ ಪುಸ್ತಕಕ್ಕೆ ಹೋಗುತ್ತದೆ.

ಇಬ್ಬರ ಕೆಲಸ ಎಲ್ಲಿ ಕೂಡುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂದು ನೋಡಬೇಕಿದ್ದರೆ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಯ ದಿನ ಡ್ರಮ್ಮಿನ ಪಕ್ಕ ನಿಲ್ಲಬೇಕು. ಶೇ. 0.5ರ ದ್ರಾವಣಕ್ಕೆ 200 ಲೀಟರ್ ನೀರು, 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಟ್ಟ ಸುಣ್ಣ. ತೂಗಿ ಕೊಟ್ಟು ಸ್ಟೋರ್ ಪುಸ್ತಕದಲ್ಲಿ ಬರೆದರೆ ರೈಟರ ಕೆಲಸ ಮುಗಿಯಿತು. ಎರಡನ್ನೂ ಬೇರೆ ಬೇರೆ ಕದಡಿ, ತುತ್ತದ ನೀರನ್ನು ಕದಡಿದ ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿಸುವವನು ಮೇಸ್ತ್ರಿ. ಕಬ್ಬಿಣದ ಡ್ರಮ್ಮಾದರೆ ಕೆಟ್ಟಿತು, ಪ್ಲಾಸ್ಟಿಕ್ಕೇ ಆಗಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಸುಣ್ಣ ಹಳೆಯದಾಗಿ ಸತ್ವ ಹೋಗಿದ್ದರೆ ಹೀಗಾಗುತ್ತದೆ. ಪುಸ್ತಕದಲ್ಲಿ 1 ಕೆಜಿ ಸರಿಯಾಗೇ ಇರುತ್ತದೆ, ಅಲಗು ಬೇರೆ ಹೇಳುತ್ತದೆ. ಎರಡೂ ಒಬ್ಬನದೇ ಆದಾಗ ಅವನು ಪುಸ್ತಕ ನಂಬಿ ಅಲಗು ಅದ್ದುವುದನ್ನೇ ಬಿಡುತ್ತಾನೆ.

ಸಂಜೆಯ ತೂಕ ಇನ್ನೂ ಸೂಕ್ಷ್ಮ. ಕಣದಲ್ಲಿ ಮೇಸ್ತ್ರಿ ಹೆಸರು ಕೂಗಿ ಚೀಲ ಎತ್ತಿಡಿಸುತ್ತಾನೆ, ರೈಟರು ಮುಳ್ಳು ನೋಡಿ, ಖಾಲಿ ಗೋಣಿಯ ತೂಕ ಕಳೆದು, ಗಟ್ಟಿಯಾಗಿ ಹೇಳಿ ಬರೆಯುತ್ತಾರೆ. ಇಬ್ಬನಿಗೆ ನೆಂದ ಹಣ್ಣಾದರೆ ಎಷ್ಟು ಕಳೆಯಬೇಕೆಂದು ಇಬ್ಬರಿಗೂ ಅಲ್ಲೇ ಜಗ್ಗಾಟ. ಆ ಜಗ್ಗಾಟ ಇರಬೇಕು. ಕೂಗುವವನೂ ಬರೆಯುವವನೂ ಒಬ್ಬನೇ ಆಗಿ ಚೀಲಕ್ಕೆ 1 ಕೆಜಿ ಆಚೀಚೆಯಾದರೆ, ಆಳಿಗೊಂದೇ ಚೀಲವೆಂದರೂ 40 ಜನರ ಕುಯ್ಲಿನಲ್ಲಿ ದಿನಕ್ಕೆ 40 ಕೆಜಿ ಹಣ್ಣಿನ ಲೆಕ್ಕ ತಪ್ಪಿತು. ಅರೇಬಿಕಾದಲ್ಲಿ 100 ಕೆಜಿ ಹಣ್ಣಿಗೆ 18 ಕೆಜಿ ಬೀಜವೆಂದು ಹಿಡಿದರೂ ದಿನಕ್ಕೆ 7 ಕೆಜಿ ಬೀಜ. ಕಡಿಮೆ ಬರೆದರೆ ಆಳಿಗೆ ಮೋಸ, ಜಾಸ್ತಿ ಬರೆದರೆ ಸಾಹುಕಾರರಿಗೆ.

ತಮಿಳು ತೋಟಗಳ ಹಳೆಯ ಹೆಸರುಗಳಲ್ಲಿ ಈ ಭೇದ ನಮ್ಮದಕ್ಕಿಂತ ನಿಚ್ಚಳ. ಕಂಗಾಣಿ ಅಂದರೆ ಕಣ್ಣಿಟ್ಟು ಕಾಯುವವನು, ಕಣಕ್ಕಪಿಳ್ಳೈ ಅಂದರೆ ಲೆಕ್ಕದವನು. ಕೇಳಿದ ಕೂಡಲೇ ಕೆಲಸ ತಿಳಿಯುತ್ತದೆ. ನಾವೋ ಎರಡನ್ನೂ ಹೊರಗಿನಿಂದ ತಂದುಕೊಂಡೆವು. ಮೇಸ್ತ್ರಿ ಪೋರ್ಚುಗೀಸರ ‘ಮೆಸ್ತ್ರೆ’. ಇಂಗ್ಲಿಷಿನ ಮಾಸ್ಟರ್ ನಮ್ಮಲ್ಲಿ ಶಾಲೆಯ ಮೇಷ್ಟ್ರಾಯಿತು. ಎರಡಕ್ಕೂ ಲ್ಯಾಟಿನ್ನಿನ ಬೇರು ಒಂದೇ, ಆದರೂ ತೋಟದಲ್ಲಿ ಮೇಸ್ತ್ರಿಯನ್ನು ಮೇಷ್ಟ್ರೇ ಅಂದುಬಿಟ್ಟರೆ ನಗುತ್ತಾರೆ. ರೈಟರ್ ಈಸ್ಟ್ ಇಂಡಿಯಾ ಕಂಪನಿ ಕಾಲದ ಗುಮಾಸ್ತರ ಹುದ್ದೆಯ ಹೆಸರು. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಅವರಿಗೆಂದೇ ಕಟ್ಟಿದ್ದು, ನಮ್ಮ ಪೊಲೀಸ್ ಠಾಣೆಗಳಲ್ಲಿ ಇವತ್ತಿಗೂ ರೈಟರ್ ಇದ್ದಾರೆ.

ಒಬ್ಬ ಸೂಪರ್‌ವೈಸರ್ ಸಾಕೆನ್ನುವ ಟೀ ತೋಟದವರ ಕ್ರಮವನ್ನು ನಮ್ಮಲ್ಲಿಗೆ ಹಾಗೇ ತರಲಾಗದು ಅನ್ನಲು ಇನ್ನೊಂದು ಕಾರಣವಿದೆ. ಅಲ್ಲಿ ಕೊಯ್ಲು ವರ್ಷವಿಡೀ ಸುತ್ತು ಸುತ್ತಾಗಿ ನಡೆಯುತ್ತದೆ, ಸೊಪ್ಪು ಅವತ್ತೇ ಫ್ಯಾಕ್ಟರಿ ಸೇರಬೇಕಾದ್ದರಿಂದ ದಿನಕ್ಕೆ ಎರಡು ಮೂರು ಸಲ ತೂಕವಾಗುತ್ತದೆ. ಒಂದರಲ್ಲಿ ತಪ್ಪಿದರೆ ಮುಂದಿನದರಲ್ಲಿ ಗೊತ್ತಾಗುತ್ತದೆ. ನಮ್ಮಲ್ಲಿ ನವೆಂಬರಿನಿಂದ ಮೂರು ನಾಲ್ಕು ತಿಂಗಳಿಗೆ ಕುಯ್ಲು ಮುಗಿಯುತ್ತದೆ, ತೂಕವೂ ಸಂಜೆಗೊಂದು. ಅವತ್ತೇ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹೋದ ಹಣ್ಣನ್ನು ಮರುದಿನ ಮತ್ತೆ ತೂಗಲು ಬರುವುದಿಲ್ಲ.

ಈಗ ಅಸ್ಸಾಂ ಕಡೆಯಿಂದ ತಂಡ ಕರೆತರುವವನನ್ನೂ ಕೆಲವರು ಮೇಸ್ತ್ರಿ ಅನ್ನುತ್ತಾರೆ. ಅವನು ಮುಂಗಡ ಕೊಟ್ಟವನು, ತಂಡದ ಕೂಲಿಯ ಹಣ ಹಿಡಿಯುವವನು. ಗಿಡದ ಗೊಡವೆ ಅವನಿಗಿಲ್ಲ. ಅವನಿಗೆ ಗುತ್ತಿಗೆದಾರ ಅನ್ನುವ ಹೆಸರು ಸಾಕು. ಬಟವಾಡೆಯ ದಿನ ಅವನ ನೋಟ್‌ಬುಕ್ಕನ್ನೂ ರೈಟರ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಓದಬೇಕು, ಓದುವಾಗ ಆಳುಗಳೂ ಎದುರಿಗಿರಬೇಕು, ಸಾಲಿನಲ್ಲಿ ಅವರ ಜೊತೆ ದಿನವಿಡೀ ನಿಂತಿದ್ದ ನಮ್ಮ ಮೇಸ್ತ್ರಿಯೂ ಇರಬೇಕು.