ಪೋಸ್ಟರ್ ಅಂಟಿಸಿದ್ದು ಸಾಕು, ಡೈರಿ ಮುಂದೆ ನಿಂತು ಕೇಳಿ

"ಎಲ್ಲಾ ಈ ವಾಟ್ಸಾಪ್‌ನಿಂದ ಹಾಳಾಯ್ತು" ಅನ್ನೋ ಮಾತು ಈಗ ನಮ್ಮ ಮಂಡ್ಯ ಕಡೆ ಯಾವ ಬೀಗರೂಟಕ್ಕೆ ಹೋದರೂ ಕಿವಿಗೆ ಬೀಳುತ್ತದೆ. ಗಮನಿಸಿ ನೋಡಿ, ಹಾಗೆ ಹೇಳುವ ಯಾರೂ "ನಾನು ಹಾಳಾದೆ" ಅನ್ನುವುದಿಲ್ಲ. ಹಾಳಾದವರು ಯಾವಾಗಲೂ ಪಕ್ಕದ ಮನೆಯವರು, ಊರ ಹುಡುಗರು, ಇಲ್ಲಾ ವಯಸ್ಸಾದ ಮಾವ. ಇದಕ್ಕೂ ಒಂದು ಥಿಯರಿ ಇದೆ. ಡೇವಿಸನ್ ಅನ್ನುವ ಅಮೆರಿಕದ ವಿದ್ವಾಂಸ 1983ರಲ್ಲಿ ಅದಕ್ಕೆ ಥರ್ಡ್ ಪರ್ಸನ್ ಎಫೆಕ್ಟ್ ಅಂತ ಹೆಸರಿಟ್ಟ. ಪ್ರಚಾರಕ್ಕೆ ಮರುಳಾಗುವವರು ಬೇರೆಯವರು, ನಾನಲ್ಲ ಅಂತ ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ಅಷ್ಟೇ ವಿಷಯ.

ನನ್ನ ತಕರಾರು ವಾಟ್ಸಾಪ್ ಮೇಲಲ್ಲ. ಜನ ಅಂದರೆ ಖಾಲಿ ಬಿಂದಿಗೆ, ಮೇಲಿಂದ ಏನು ಸುರಿದರೂ ತುಂಬಿಕೊಳ್ಳುತ್ತದೆ ಅನ್ನೋ ನಂಬಿಕೆ ಇದೆಯಲ್ಲ, ಅದರ ಮೇಲೆ. ವಾಟ್ಸಾಪ್ ಬೈಯುವವರಿಗೂ ಇದೇ ನಂಬಿಕೆ, "ಜಾಗೃತಿ ಮೂಡಿಸುತ್ತೇವೆ" ಅಂತ ಲಕ್ಷಗಟ್ಟಲೆ ಬ್ಯಾನರ್ ಹಾಕಿಸುವ ಇಲಾಖೆಗಳಿಗೂ ಇದೇ ನಂಬಿಕೆ. ಪತ್ರಿಕೋದ್ಯಮದ ಕ್ಲಾಸಿನಲ್ಲಿ ಇದನ್ನು ಮ್ಯಾಜಿಕ್ ಬುಲೆಟ್ ಥಿಯರಿ ಅನ್ನುತ್ತಾರೆ. ಗುಂಡು ಹಾರಿಸಿದರೆ ಆಯ್ತು, ಬಿದ್ದವನು ಬಿದ್ದ. ಇದಕ್ಕೆ ದೊಡ್ಡ ಸಾಕ್ಷಿ ಅಂತ 1938ರ ಅಕ್ಟೋಬರ್ 30ರ ರೇಡಿಯೊ ನಾಟಕದ ಕತೆ ಹೇಳುತ್ತಾರೆ. ಮಂಗಳ ಗ್ರಹದವರು ಬಂದರು ಅಂತ ಅಮೆರಿಕದ ಜನ ಬೀದಿಗೆ ಓಡಿದರಂತೆ. ಆ ಗಾಬರಿಯನ್ನು ಮಾರನೇ ದಿನದ ಪತ್ರಿಕೆಗಳು ಸಿಕ್ಕಾಪಟ್ಟೆ ಉಬ್ಬಿಸಿದ್ದವು ಅಂತ ಆಮೇಲೆ ಅಧ್ಯಯನ ಮಾಡಿದವರು ಹೇಳಿದ್ದಾರೆ. ಆದರೂ ಕತೆ ಮಾತ್ರ ಇನ್ನೂ ಓಡುತ್ತಿದೆ.

ಮೈಸೂರಿನಲ್ಲಿ ಓದುವಾಗ ಈ ಥಿಯರಿಗಳೆಲ್ಲ ನಮಗೆ ಐದು ಮಾರ್ಕಿನ ಪ್ರಶ್ನೆಗಳು. ಲಾಸ್‌ವೆಲ್ ಅನ್ನುವ ಅಮೆರಿಕದ ವಿದ್ವಾಂಸ 1948ರಲ್ಲಿ ಕೊಟ್ಟ ಐದು ಪ್ರಶ್ನೆ ಬಾಯಿಪಾಠ: ಯಾರು, ಏನು, ಯಾವ ಮಾಧ್ಯಮದಲ್ಲಿ, ಯಾರಿಗೆ ಹೇಳಿದರು, ಏನು ಪರಿಣಾಮ ಆಯಿತು. ಅದೇ ವರ್ಷದ್ದು, ಸಂದೇಶ ಹೇಗೆ ಹೋಗಿ ಮುಟ್ಟುತ್ತದೆ ಅಂತ ತೋರಿಸುವ ಶಾನನ್ ಡಯಾಗ್ರಾಮ್, ಆ ಕಡೆ ಒಂದು ಡಬ್ಬಿ, ಈ ಕಡೆ ಒಂದು ಡಬ್ಬಿ, ನಡುವೆ ಬಾಣದ ಗುರುತು, ಅದಕ್ಕೆ ಅಡ್ಡ ಬರುವ ಗದ್ದಲ. ಪಾಪ ಶಾನನ್ ಟೆಲಿಫೋನ್ ಕಂಪನಿಯ ಲ್ಯಾಬಿನ ಎಂಜಿನಿಯರು. ಸಂದೇಶದ ಅರ್ಥಕ್ಕೂ ನನ್ನ ಲೆಕ್ಕಕ್ಕೂ ಸಂಬಂಧವಿಲ್ಲ ಅಂತ ತನ್ನ ಪ್ರಬಂಧದ ಶುರುವಿನಲ್ಲೇ ಹೇಳಿಬಿಟ್ಟಿದ್ದ. ನಾವು ಅದನ್ನೇ ಅತ್ತೆ-ಸೊಸೆ ಜಗಳಕ್ಕೂ ಹಚ್ಚಿ ಉತ್ತರ ಬರೆದು ಪಾಸಾದೆವು.

ಇಷ್ಟೆಲ್ಲದರಲ್ಲಿ ಊರಿಗೆ ವಾಪಸ್ ಬಂದು ಗದ್ದೆ ಬದುವಿನ ಮೇಲೆ ಓಡಾಡುವಾಗ ದಿನಾ ನಿಜ ಅನ್ನಿಸುವುದು ಒಂದೇ ಒಂದು. ಟೂ-ಸ್ಟೆಪ್ ಫ್ಲೋ. ಎರಡು ಹಂತದ ಹರಿವು ಅನ್ನಿ.

ಇದರ ಹಿಂದಿರುವ ಲಜಾರ್ಸ್‌ಫೆಲ್ಡ್ ವಿಯೆನ್ನಾದಲ್ಲಿ ಗಣಿತ ಓದಿ ಮನಃಶಾಸ್ತ್ರಕ್ಕೆ ಬಂದವನು. ಅಮೆರಿಕಕ್ಕೆ ಹೋಗಿ 1937ರಿಂದ ರೇಡಿಯೊ ಸಂಶೋಧನೆಗೆ ಕೂತ. (ಅದಕ್ಕೂ ಎರಡು ವರ್ಷ ಮೊದಲು, 1935ರಲ್ಲಿ, ನಮ್ಮ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ್ದರು. ಮನಸ್ಸು ಓದುವವರಿಗೆಲ್ಲ ಆ ಕಾಲದಲ್ಲಿ ರೇಡಿಯೊ ಹುಚ್ಚು ಹಿಡಿದಿತ್ತೇನೋ.) 1940ರಲ್ಲಿ ರೂಸ್‌ವೆಲ್ಟ್‌ಗೂ ವಿಲ್ಕಿಗೂ ಚುನಾವಣೆ. ಲಜಾರ್ಸ್‌ಫೆಲ್ಡ್ ತಂಡ ಓಹಿಯೋ ರಾಜ್ಯದ ಈರಿ ಕೌಂಟಿಯಲ್ಲಿ 600 ಜನರನ್ನು ಆರಿಸಿಕೊಂಡು ಮೇ ತಿಂಗಳಿಂದ ನವೆಂಬರ್‌ವರೆಗೆ ತಿಂಗಳಿಗೊಮ್ಮೆ ಹೋಗಿ ಕೇಳುತ್ತಾ ಬಂತು. ರೇಡಿಯೊ, ಪೇಪರ್ ಓಟನ್ನು ಹೇಗೆ ತಿರುಗಿಸುತ್ತವೆ ನೋಡೋಣ ಅಂತ. ತಿರುಗಿದವರು ಸಿಕ್ಕಿದ್ದೇ ಕಡಿಮೆ. ಇನ್ನೂ ಯಾರಿಗೆ ಅಂತ ತೀರ್ಮಾನ ಮಾಡದೆ ಇದ್ದವರು, ನಡುವೆ ಮನಸ್ಸು ಬದಲಾಯಿಸಿದವರು ಹೇಳಿದ್ದು ಜಾಸ್ತಿ ಮನುಷ್ಯರ ಹೆಸರು. ಭಾವ ಹೇಳಿದ, ಜೊತೆಗೆ ಕೆಲಸ ಮಾಡುವವನು ಹೇಳಿದ, ಹೀಗೆ. ಪೇಪರು-ರೇಡಿಯೊ ವಿಷಯ ಮೊದಲು ಹೋಗುವುದು ಅದನ್ನು ಆಸಕ್ತಿಯಿಂದ ಓದುವ, ಕೇಳುವ ಕೆಲವರಿಗೆ. ಅವರಿಂದ ಉಳಿದವರಿಗೆ. 1944ರಲ್ಲಿ ಇದು ಅಚ್ಚಾಯಿತು.

ಆಮೇಲೆ ಕಾಟ್ಸ್ ಅನ್ನುವವನ ಜೊತೆ ಸೇರಿ 1955ರಲ್ಲಿ ಇನ್ನೊಂದು ವರದಿ ತಂದ. ಇಲಿನಾಯ್ ರಾಜ್ಯದ ಡಿಕೇಟರ್ ಪಟ್ಟಣದ 800 ಹೆಂಗಸರನ್ನು ಮಾತಾಡಿಸಿದ್ದರ ಫಲ ಅದು. ನನಗೆ ಇದೇ ಜಾಸ್ತಿ ಇಷ್ಟ. ಯಾಕೆಂದರೆ ಅಲ್ಲಿ ಗೊತ್ತಾಗಿದ್ದು, ಮಾತು ನಡೆಯುವವರು ಅಂದರೆ ಊರ ಯಜಮಾನರು, ದುಡ್ಡಿದ್ದವರು ಅಂತೇನಿಲ್ಲ. ದಿನಸಿ ವಿಷಯಕ್ಕೆ ದೊಡ್ಡ ಸಂಸಾರ ನಡೆಸುವ ಹೆಂಗಸನ್ನು ಕೇಳುತ್ತಾರೆ, ಬಟ್ಟೆ ಸಿನಿಮಾಕ್ಕೆ ಮದುವೆಯಾಗದ ಹುಡುಗಿಯನ್ನು ಕೇಳುತ್ತಾರೆ. ಒಂದಕ್ಕೆ ದೊಡ್ಡವರಾದವರು ಇನ್ನೊಂದಕ್ಕೆ ಯಾರೂ ಅಲ್ಲ.

ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ. ಬೆಳಿಗ್ಗೆ ಆರೂವರೆಗೆ ಡೈರಿ ಮುಂದೆ ನಿಂತರೆ ಡಿಕೇಟರ್ ಕಣ್ಣ ಮುಂದೆಯೇ ಇರುತ್ತದೆ. ಸ್ಟೀಲ್ ಕ್ಯಾನು, ಫ್ಯಾಟ್ ಮಿಷಿನ್ನಿನ ಗುಂಯ್, ಚೀಟಿ ಹರಿದುಕೊಡುವ ಸದ್ದು. ಗೋಡೆ ತುಂಬ ಪೋಸ್ಟರು. ಕಾಲುಬಾಯಿ ಜ್ವರದ ಲಸಿಕೆ, ಜನಧನ್, ಬೆಳೆ ವಿಮೆ, ಯಾವತ್ತಿನದೋ ಏಡ್ಸ್ ಪೋಸ್ಟರ್ ಅರ್ಧ ಹರಿದು ನೇತಾಡುತ್ತಿದೆ. ಅದಕ್ಕೆ ಬೆನ್ನು ಕೊಟ್ಟು ನಿಂತೇ ಜನ ಅದೇ ವಿಷಯ ಮಾತಾಡುತ್ತಾರೆ! "ಅವರ ಹಸುಗೆ ಹಾಕಿಸಿದ್ರಾ? ಹಾಲು ಕಮ್ಮಿ ಆಯ್ತಂತಾ?" ಹಸು ವಿಷಯಕ್ಕೆ ಎಲ್ಲರೂ ತಿರುಗಿ ನೋಡುವುದು ಒಬ್ಬ ವಿಧವೆ ಅತ್ತೆಯ ಕಡೆಗೆ. ಆಕೆಗೆ ಓದು ಬರುವುದಿಲ್ಲ. ಸಾಲದ ವಿಷಯ ಆದರೆ ಸಂಘದ ಲೆಕ್ಕ ಬರೆಯುವ ಹುಡುಗಿ. ಮೊಬೈಲ್ ವಿಷಯಕ್ಕೆ ರೀಚಾರ್ಜ್ ಅಂಗಡಿಯವನು. ಪಂಚಾಯಿತಿ ಮೆಂಬರು ಅಲ್ಲೇ ಇರುತ್ತಾರೆ, ಅವರನ್ನು ಯಾರೂ ಏನೂ ಕೇಳುವುದಿಲ್ಲ.

ಕೋವಿಡ್ ಲಸಿಕೆ ಬಂದ 2021ರಲ್ಲಿ ಇದು ಇನ್ನೂ ಚೆನ್ನಾಗಿ ಕಾಣಿಸಿತು. ಫೋನ್ ಮಾಡಿದಾಗೆಲ್ಲ ಕಾಲರ್ ಟ್ಯೂನ್, ಟಿವಿಯಲ್ಲಿ ಇಡೀ ದಿನ ಅದೇ. ನಮ್ಮ ಬೀದಿಯಲ್ಲಿ ಜನ ಅಲುಗಾಡಲಿಲ್ಲ. ಕೊನೆಗೆ ಡೈರಿ ಸೆಕ್ರೆಟರಿಯ ತಾಯಿ, ಎಪ್ಪತ್ತು ದಾಟಿದವರು, ಹೋಗಿ ಹಾಕಿಸಿಕೊಂಡು ಬಂದು ಮಾರನೇ ಬೆಳಿಗ್ಗೆ ಎಂದಿನಂತೆ ಹಾಲು ಹಾಕಲು ಬಂದರು. "ಏನೂ ಆಗ್ಲಿಲ್ವಾ ಅಮ್ಮ?" "ತೋಳು ನೋವು. ಮುದ್ದೆ ಉಂಡು ಮಲಗಿದೆ, ಎದ್ದೆ." ಆ ವಾರ ಆಶಾ ಕಾರ್ಯಕರ್ತೆ ಮನೆ ಮನೆ ಸುತ್ತುವುದೇ ತಪ್ಪಿತು, ಜನವೇ ಕೇಳಿಕೊಂಡು ಬಂದರು.

ಇಲ್ಲಿಗೆ ನಿಲ್ಲಿಸಿದರೆ ಇದು ಸುಮ್ನೆ ಊರ ಹೊಗಳಿಕೆ ಆಗುತ್ತದೆ. ಇನ್ನೊಂದು ಮುಖವನ್ನೂ ಹೇಳಬೇಕು.

2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಹೆಸರು ರಾಜ್ಯದ ತುಂಬ ಕೆಟ್ಟಿತು. ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಿಷಿನ್ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿತ್ತು. ಕಬ್ಬು ಅರೆಯುವ ಜಾಗ. ಯೋಚನೆ ಮಾಡಿ: ಲಿಂಗ ಪತ್ತೆ ಅಪರಾಧ ಅಂತ 1994ರಲ್ಲೇ ಕಾನೂನು ಬಂದಿದೆ. ಪ್ರತಿ ಸ್ಕ್ಯಾನಿಂಗ್ ಸೆಂಟರ್ ಬಾಗಿಲಲ್ಲಿ ಬೋರ್ಡು ಕಡ್ಡಾಯ. ಹೆಣ್ಣು ಮಗು ಉಳಿಸಿ ಅಂತ ಬಸ್ಸಿನ ಹಿಂದೆ, ಶಾಲೆ ಗೋಡೆ ಮೇಲೆ, ಎಲ್ಲೆಲ್ಲೂ. ಆ ಆಲೆಮನೆಗೆ ಒಂದು ಬೋರ್ಡೂ ಇರಲಿಲ್ಲ. ಜಾಹೀರಾತಿಲ್ಲ, ಪಾಂಪ್ಲೆಟ್ ಇಲ್ಲ. ಆದರೂ ಬರಬೇಕಾದವರು ದಾರಿ ತಪ್ಪದೆ ಬಂದರು. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ, ನಡುವೆ ಏಜೆಂಟರು, ನಂಬಿಕೆಯ ಜನ. ಹಾಗಾದರೆ ನಮ್ಮಲ್ಲಿ ಸಂವಹನ ಸರಿಯಿಲ್ಲ ಅಂತ ಯಾರು ಹೇಳಿದ್ದು? ಸೊಗಸಾಗಿದೆ. ಸರ್ಕಾರ ಗೋಡೆ ಜೊತೆ ಮಾತಾಡುತ್ತಿತ್ತು, ದಂಧೆಯವರು ಮನುಷ್ಯರ ಜೊತೆ ಮಾತಾಡುತ್ತಿದ್ದರು.

ಅದಾದ ಮೇಲೆ ಏನಾಯಿತು? ಮತ್ತೆ ಜಾಥಾ, ಮತ್ತೆ ಬ್ಯಾನರು. ಹೈಸ್ಕೂಲ್ ಹೆಣ್ಣುಮಕ್ಕಳ ಕೈಗೆ ಫಲಕ ಕೊಟ್ಟು ಬಿಸಿಲಲ್ಲಿ ನಡೆಸಿದರು. ಆ ತೀರ್ಮಾನ ತೆಗೆದುಕೊಳ್ಳುವುದು ಆ ಮಕ್ಕಳಾ? ಎರಡನೇದೂ ಹೆಣ್ಣು ಅಂತ ಗೊತ್ತಾದಾಗ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಆ ಅತ್ತೆಗೆ ಯಾರ ಮಾತು ನಡೆಯುತ್ತದೆ, ಇದನ್ನು ಹುಡುಕಲು ಯಾರಾದರೂ ಹೋದರಾ? ನನಗಂತೂ ಕಾಣಲಿಲ್ಲ.

ಕೃಷಿ ಇಲಾಖೆಯವರಿಗೆ ಈ ವಿಷಯ ಸ್ವಲ್ಪ ಜಾಸ್ತಿ ಗೊತ್ತು, ಯಾಕೆಂದರೆ ಅವರ ಪಾಠ ಶುರುವಾಗುವುದೇ ಅಮೆರಿಕದ ಅಯೋವಾ ರಾಜ್ಯದ ಮುಸುಕಿನ ಜೋಳದ ಹೊಲದಿಂದ. ರಯಾನ್ ಮತ್ತು ಗ್ರಾಸ್ ಅನ್ನುವ ಸಂಶೋಧಕರು 1943ರಲ್ಲಿ ಬರೆದರು: ಹೈಬ್ರಿಡ್ ಜೋಳದ ಸುದ್ದಿ ರೈತರಿಗೆ ಮೊದಲು ಮುಟ್ಟಿಸಿದವನು ಬೀಜ ಮಾರುವವನು, ಬಿತ್ತುವಂತೆ ಮಾಡಿದ್ದು ಪಕ್ಕದ ಹೊಲದವನು. ಇದನ್ನೇ ಬೆಳೆಸಿ ಎವರೆಟ್ ರೋಜರ್ಸ್ 1962ರಲ್ಲಿ ಡಿಫ್ಯೂಷನ್ ಥಿಯರಿ ಮಾಡಿದ, ಹೊಸದು ಜನರ ನಡುವೆ ಹೇಗೆ ಹರಡುತ್ತದೆ ಅನ್ನೋದು. ಅವನೂ ಅಯೋವಾದ ರೈತನ ಮಗನೇ. ಅವರಪ್ಪ ಹೈಬ್ರಿಡ್ ಬೇಡ ಅಂತ ಹಟ ಹಿಡಿದಿದ್ದರು. 1936ರ ಬರದಲ್ಲಿ ತಮ್ಮ ಜೋಳ ಒಣಗಿ ನಿಂತು, ಪಕ್ಕದವನದು ಹಸಿರಾಗಿದ್ದಾಗ ಒಪ್ಪಿದರು.

ಆದರೆ ರೋಜರ್ಸ್ ಜೊತೆ ನನಗೊಂದು ಜಗಳ ಇದೆ. ಕೊನೆಗೆ ಒಪ್ಪುವ 16 ಪರ್ಸೆಂಟ್ ಜನಕ್ಕೆ ಅವನು ಕೊಟ್ಟ ಹೆಸರು ಲ್ಯಾಗರ್ಡ್ಸ್, ಅಂದರೆ ಹಿಂದೆ ಬಿದ್ದವರು. ಹೊಸದು ಬಂದರೆ ಅದು ಒಳ್ಳೆಯದೇ, ತೆಗೆದುಕೊಳ್ಳದವನು ದಡ್ಡ ಅನ್ನೋ ಧಾಟಿ. (ಈ ಟೀಕೆ ಬಂದಾಗ ಅವನೂ ಒಪ್ಪಿಕೊಂಡ ಅನ್ನಿ.) ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ, ನಮ್ಮ ವಿ.ಸಿ. ಫಾರಂನಿಂದಲೂ ಹೈಬ್ರಿಡ್ ಭತ್ತ ಬಂದಿದೆ. ಹೈಬ್ರಿಡ್ ಅಂದಮೇಲೆ ಪ್ರತಿ ವರ್ಷ ಬೀಜ ಕೊಳ್ಳಲೇಬೇಕು. ಹದಿನೈದು ಗುಂಟೆ ಇಟ್ಟುಕೊಂಡವನು "ನಂಗೆ ಹಳೇದೇ ಸಾಕು" ಅಂದರೆ ಅದು ದಡ್ಡತನವಾ? ಅವನು ಲೆಕ್ಕ ಹಾಕಿಯೇ ಬೇಡ ಅಂದಿರುತ್ತಾನೆ.

ಹಾಗಂತ ಪೇಪರು ಟಿವಿಗೆ ಶಕ್ತಿಯೇ ಇಲ್ಲವಾ ಅಂತ ಕೇಳಬಹುದು. ಇದೆ, ಆದರೆ ಬೇರೆ ಕಡೆ. ಮೆಕೂಂಬ್ಸ್ ಮತ್ತು ಶಾ ಅನ್ನುವ ಇಬ್ಬರು ಸಂಶೋಧಕರು 1968ರ ಅಮೆರಿಕ ಚುನಾವಣೆ ವೇಳೆ ಚಾಪೆಲ್ ಹಿಲ್ ಊರಿನ 100 ಮತದಾರರನ್ನು ಕೇಳಿ 1972ರಲ್ಲಿ ಬರೆದರು: ಏನು ಯೋಚಿಸಬೇಕು ಅಂತ ಅಲ್ಲದಿದ್ದರೂ ಯಾವುದರ ಬಗ್ಗೆ ಯೋಚಿಸಬೇಕು ಅಂತ ಪೇಪರು ಹೇಳಿಕೊಡುತ್ತದೆ. ನಮ್ಮ ಕಡೆ ಪೇಪರಿನಲ್ಲಿ ಕೆಆರ್‌ಎಸ್ ನೀರಿನ ಮಟ್ಟ ಬರುತ್ತದಲ್ಲ, ಗರಿಷ್ಠ 124.80 ಅಡಿ, ಇಂದು ಇಷ್ಟು ಅಂತ. ಅದನ್ನು ನೋಡಿ ಮಂಡ್ಯದವರ ರಕ್ತದೊತ್ತಡ ಹೇಳಬಹುದು. ಆದರೆ ಕಟ್ಟೆ ತುಂಬಿ ತುಳುಕುವಾಗಲೂ ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ಗದ್ದೆಗಳಿಗೆ ನೀರು ಮುಟ್ಟುವುದಿಲ್ಲ. ಅದಕ್ಕೆ ಪೇಪರಿನಲ್ಲಿ ಒಂದು ಬಾಕ್ಸ್ ಇಲ್ಲ. ಹಾಗಾಗಿ ಅದರ ಬಗ್ಗೆ ಮೈಸೂರಿನಲ್ಲಿ ಕೂತವರಿಗೆ ಸಿಟ್ಟೂ ಇಲ್ಲ.

ಇನ್ನು ಮೌನದ ಸುರುಳಿ. ಜರ್ಮನಿಯ ನೊಯೆಲ್-ನ್ಯೂಮನ್ 1974ರಲ್ಲಿ ಹೇಳಿದ್ದು. ತನ್ನ ಅಭಿಪ್ರಾಯಕ್ಕೆ ಬೆಂಬಲ ಇಲ್ಲ ಅನ್ನಿಸಿದವನು ಬಾಯಿ ಮುಚ್ಚುತ್ತಾನೆ, ಅವನು ಮುಚ್ಚಿದ್ದು ನೋಡಿ ಇನ್ನೊಬ್ಬ ಮುಚ್ಚುತ್ತಾನೆ. ಆಕೆ ಕೇಳುತ್ತಿದ್ದ ಪ್ರಶ್ನೆ ಚೆನ್ನಾಗಿದೆ: ಐದು ಗಂಟೆ ರೈಲು ಪ್ರಯಾಣ, ಎದುರಿನವನು ಇಂಥ ವಿಷಯ ಎತ್ತಿದ, ನೀವು ಮಾತಾಡುತ್ತೀರಾ? (ಆಕೆ ನಾಜಿ ಕಾಲದ ಪತ್ರಿಕೆಯಲ್ಲಿ ಕೆಲಸ ಮಾಡಿದ್ದವಳು. ಮೌನ ಹೇಗೆ ಹಬ್ಬುತ್ತದೆ ಅಂತ ಹತ್ತಿರದಿಂದಲೇ ನೋಡಿರಬೇಕು.) ಮಂಡ್ಯದಿಂದ ಬೆಂಗಳೂರಿಗೆ ಪಾಸ್ ಇಟ್ಟುಕೊಂಡು ದಿನಾ ಓಡಾಡುವವರಿಗೆ ಐದು ಗಂಟೆ ಬೇಡ, ರಾಮನಗರ ಬರುವಷ್ಟರಲ್ಲಿ ಉತ್ತರ ಗೊತ್ತಾಗುತ್ತದೆ. ಕಾವೇರಿ ಅಂದರೆ ಇಡೀ ಬೋಗಿ ಮಾತಾಡುತ್ತದೆ. ಜಾತಿ ಮಾತು ಬಂದರೆ ಅರ್ಧ ಜನ ಕಿಟಕಿ ನೋಡುತ್ತಾರೆ, ಉಳಿದರ್ಧದ ದನಿ ಇನ್ನೂ ಜೋರಾಗುತ್ತದೆ. ಮನೆತನದ ವಾಟ್ಸಾಪ್ ಗ್ರೂಪಿನಲ್ಲೂ ಇದೇ. ದೊಡ್ಡಪ್ಪ ಹಾಕಿದ ಸುಳ್ಳು ಫಾರ್ವರ್ಡಿಗೆ ಎದುರು ಹೇಳದವರೆಲ್ಲ ಅದನ್ನು ನಂಬಿದ್ದಾರೆ ಅಂತಲ್ಲ. ನಾಳೆ ನಾಮಕರಣಕ್ಕೆ ಹೋಗಬೇಕಲ್ಲ, ಅದಕ್ಕೆ ಸುಮ್ಮನಿದ್ದಾರೆ.

ಅದಕ್ಕೇ ಹೇಳಿದ್ದು, ವಾಟ್ಸಾಪ್ ಬೈದು ಪ್ರಯೋಜನ ಇಲ್ಲ ಅಂತ. ಗೊತ್ತಿಲ್ಲದ ನಂಬರಿನಿಂದ ಬಂದ ಮೆಸೇಜನ್ನು ನಾವ್ಯಾರೂ ಓದುವುದೇ ಇಲ್ಲ, ಅದೇ ಮೆಸೇಜ್ ಚಿಕ್ಕಮ್ಮ ಕಳಿಸಿದರೆ ಓದುತ್ತೇವೆ. ಕೆಲಸ ಮಾಡಿದ್ದು ಚಿಕ್ಕಮ್ಮ. ಫ್ಯಾಕ್ಟ್ ಚೆಕ್ ಮಾಡುವವರು ನಿಜ ಸುದ್ದಿಯ ಲಿಂಕ್ ಹಾಕಿ ಕೈ ತೊಳೆದುಕೊಂಡರೆ ಅದೂ ಗೋಡೆ ಮೇಲಿನ ಪೋಸ್ಟರ್ರೇ. ಆ ಲಿಂಕನ್ನು ಚಿಕ್ಕಮ್ಮನಿಗೆ ಕೊಟ್ಟು, ಪಕ್ಕದಲ್ಲಿ ಕೂತು, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಮಾತಾಡುವವರು ಬೇಕು. ಅದಕ್ಕೆ ಯಾವ ಇಲಾಖೆಯಲ್ಲೂ ಬಿಲ್ ಪಾಸಾಗುವುದಿಲ್ಲ, ಬ್ಯಾನರಿಗೆ ಆಗುತ್ತದೆ.

ನಿಮ್ಮ ಮನೆ ಗ್ರೂಪಿನಲ್ಲಿ ಯಾರು ಕಳಿಸಿದ್ದನ್ನು ಪೂರ್ತಿ ಓದುತ್ತೀರಿ? ಹೆಸರು ಬೇಡ, ಸಂಬಂಧ ಮಾತ್ರ ಬರೆಯಿರಿ. ಮತ್ತೆ ಯಾವ ವಿಷಯಕ್ಕೆ ಅನ್ನೋದೂ ಸೇರಿಸಿ, ಡಾಕ್ಟರ್ ವಿಷಯಕ್ಕೆ ಒಬ್ಬರು, ಓಟಿನ ವಿಷಯಕ್ಕೆ ಇನ್ನೊಬ್ಬರು ಇದ್ದೇ ಇರುತ್ತಾರೆ.