ನಡುವೆ ಒಂದು ಪ್ಲೇಟು

ಹಳೇ ಬೈಕಿನ ಚಾಸಿಗೆ ಬೇರೆ ಗಾಡಿಯ ಇಂಜಿನ್ ಕೂರಿಸಿಕೊಂಡವರ ಹತ್ತಿರ ಮಾತಿಗೆ ನಿಂತರೆ ಮೊದಲು ಇಂಜಿನ್ ಪುರಾಣ ಶುರುವಾಗುತ್ತದೆ. ಎಷ್ಟು ಸಿಸಿ, ಯಾವ ಗುಜರಿಯಲ್ಲಿ ಸಿಕ್ಕಿತು, ಅವನು ಎಷ್ಟು ಹೇಳಿದ, ಇವರು ಎಷ್ಟಕ್ಕೆ ಇಳಿಸಿದರು. ಆಮೇಲೆ ಚಾಸಿಯ ಸರದಿ. ಅದು ಮಾವನವರ ಕಾಲದ್ದು, ದನದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಾ ನಿಂತಿತ್ತು, ಇತ್ಯಾದಿ. ನಾನು ಹೂಂ ಹೂಂ ಅನ್ನುತ್ತಾ ಬಗ್ಗಿ ಎರಡರ ನಡುವೆ ಇಣುಕುತ್ತೇನೆ. ಅಲ್ಲೊಂದು ಕಬ್ಬಿಣದ ಪ್ಲೇಟು ಇರುತ್ತದೆ. ಅದು ಯಾವ ಕಂಪನಿಯ ಶೋರೂಮಿನಲ್ಲೂ ಸಿಗುವುದಿಲ್ಲ. ಇಂಜಿನ್ನಿನ ತೂತಿಗೂ ಚಾಸಿಯ ತೂತಿಗೂ ತಾಳೆಯಾಗದೆ ಇದ್ದಾಗ ಯಾವುದೋ ಲೇತ್ ಅಂಗಡಿಯವನು ಅಳೆದು, ಕೊಯ್ದು, ಕೊರೆದು ಕೊಟ್ಟದ್ದು. ನನ್ನನ್ನು ಕೇಳಿದರೆ ಇಡೀ ಗಾಡಿಯ ಬುದ್ಧಿ ಇರುವುದು ಆ ಪ್ಲೇಟಿನಲ್ಲಿ.

ತಿಳಿದ ಮೆಕ್ಯಾನಿಕ್ ಮೊದಲಿಗೇ ಕಬ್ಬಿಣಕ್ಕೆ ಕೈ ಹಾಕುವುದಿಲ್ಲ. ರಟ್ಟಿನಲ್ಲಿ ಪ್ಲೇಟಿನ ಮಾದರಿ ಕತ್ತರಿಸುತ್ತಾನೆ. ಇಂಜಿನ್ನನ್ನು ಮರದ ತುಂಡುಗಳ ಮೇಲೆ ಚಾಸಿಯೊಳಗೆ ನಿಲ್ಲಿಸಿ ಹಿಂದೆ ಹೋಗಿ ಕೂರುತ್ತಾನೆ. ಅವನು ನೋಡುವುದು ಚೈನಿನ ದಾರಿಯನ್ನು. ಇಂಜಿನ್ ಕಡೆಯ ಸ್ಪ್ರಾಕೆಟ್ಟೂ (ಚೈನು ಕೂರುವ ಹಲ್ಲಿನ ಗಾಲಿ) ಹಿಂದಿನ ಚಕ್ರದ ಸ್ಪ್ರಾಕೆಟ್ಟೂ ಒಂದೇ ಗೆರೆಯಲ್ಲಿ ಇರಬೇಕು. ಕೆಲವೇ ಮಿಲಿಮೀಟರ್ ಆಚೀಚೆ ಆದರೂ ಚೈನು ಹಲ್ಲುಗಳನ್ನು ಪಕ್ಕದಿಂದ ತಿನ್ನುತ್ತದೆ. ಒಂದು ದಿನ ಕಳಚಿಕೊಳ್ಳುತ್ತದೆ ಕೂಡ. ಇನ್ನು ಇಂಜಿನ್ ಮುಂದಕ್ಕೋ ಹಿಂದಕ್ಕೋ ಜಾಸ್ತಿ ವಾಲಿದರೆ, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರ್ ಕೂಡ ವಾಲುತ್ತದೆ. ಅದರೊಳಗೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ತಪ್ಪು ಮಟ್ಟ ತೋರಿಸಿ ಪೆಟ್ರೋಲ್ ಉಕ್ಕುತ್ತದೆ, ಇಲ್ಲವೇ ಸಾಲದೆ ಹೋಗುತ್ತದೆ. ಇವೆರಡನ್ನೂ ಸರಿ ಮಾಡಿಕೊಂಡ ಮೇಲೆ ತೂತು ಎಲ್ಲಿ ಬೀಳಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

‘ಕೂತಿತು ಸಾರ್’ ಅಂತ ಅವನು ಕೈ ಒರೆಸಿಕೊಳ್ಳುತ್ತಾನೆ. ನಿಜವಾದ ತೊಂದರೆ ಶುರುವಾಗುವುದು ಆಗಲೇ. ಟ್ಯಾಂಕು ಸಿಲಿಂಡರ್ ತಲೆಗೆ ತಾಗುತ್ತದೆ. ಸೈಲೆನ್ಸರ್ ಪೈಪು ಬ್ರೇಕ್ ಪೆಡಲಿಗೆ ಅಡ್ಡ. ಕಿಕ್ಕರ್ ಪೂರ್ತಿ ಇಳಿಯುವ ಮೊದಲೇ ಫುಟ್‌ರೆಸ್ಟಿಗೆ ಬಡಿಯುತ್ತದೆ. ಅಣ್ಣನ ಅಂಗಿಗೆ ತಮ್ಮ ಕೈ ತೂರಿಸಿದ ಹಾಗೆ, ಭುಜ ಸರಿಹೋದರೆ ತೋಳು ಉದ್ದ. ಕಾಲಿನ ಅಭ್ಯಾಸವೂ ಅಡ್ಡ ಬರುತ್ತದೆ. ನಮ್ಮ ಮೈಸೂರಿನ ಹಳೇ ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್, ಅದೂ ಎಡಗಡೆ. ಹಳೇ ಬುಲೆಟ್ಟಿನಲ್ಲಿ ಗೇರು ಬಲಗಡೆ, ಬ್ರೇಕು ಎಡಗಡೆ. ಒಂದರ ಚಾಸಿಗೆ ಇನ್ನೊಂದರ ಇಂಜಿನ್ ಕೂರಿಸುವವನು ಸವಾರನ ಎರಡು ಕಾಲಿಗೂ ಹೊಸದಾಗಿ ಪಾಠ ಹೇಳಬೇಕು.

ಈ ಹುಚ್ಚಿಗೆ ಮರ್ಯಾದೆ ತಂದುಕೊಟ್ಟವರು ಇಂಗ್ಲೆಂಡಿನ ಹುಡುಗರು. 1950ರಲ್ಲಿ ನಾರ್ಟನ್ ಕಂಪನಿ ತನ್ನ ರೇಸ್ ಬೈಕಿಗೆ ಹೊಸ ಚಾಸಿ ತಂದಿತು. ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್‌ಲೆಸ್ ವಿನ್ಯಾಸ ಮಾಡಿದ್ದು. ತಿರುವಿನಲ್ಲಿ ಅಲುಗುತ್ತಿರಲಿಲ್ಲ, ಮೈ ನೋವಿಲ್ಲ. ಓಡಿಸಿದ ಸವಾರನೊಬ್ಬ ‘ಗರಿ ಹಾಸಿಗೆ’ ಅಂದ, ಅದೇ ಹೆಸರಾಯಿತು. ಆ ಕಾಲದಲ್ಲೇ ಅಲ್ಲಿ 500 ಸಿಸಿಯ ಪುಟ್ಟ ರೇಸ್ ಕಾರುಗಳ ಭರಾಟೆ. ಆ ಕಾರು ಕಟ್ಟುವವರಿಗೆ ಬೇಕಿದ್ದದ್ದು ನಾರ್ಟನ್ನಿನ ರೇಸ್ ಇಂಜಿನ್ ಮಾತ್ರ. ಕಂಪನಿ ಇಂಜಿನ್ನನ್ನು ಬಿಡಿಯಾಗಿ ಮಾರುತ್ತಿರಲಿಲ್ಲ. ಸರಿ, ಇಡೀ ಬೈಕು ಕೊಂಡು, ಇಂಜಿನ್ ಕಿತ್ತುಕೊಂಡು, ಉಳಿದದ್ದನ್ನು ಮಾರಿಬಿಟ್ಟರು. ದೇಶದ ಅತಿ ಒಳ್ಳೇ ಚಾಸಿಗಳು ಹೀಗೆ ಹೊಟ್ಟೆ ಖಾಲಿ ಮಾಡಿಕೊಂಡು ನಿಂತವು! ಇತ್ತ ಟ್ರಯಂಫ್ ಕಂಪನಿಯ ಎರಡು ಸಿಲಿಂಡರಿನ ಇಂಜಿನ್ ಜೋರು, ಸುಲಭವಾಗಿ ಸಿಗುತ್ತಿತ್ತು, ಆದರೆ ಅದರ ಚಾಸಿ ತಿರುವಿನಲ್ಲಿ ನಂಬುವಂಥದ್ದಲ್ಲ. ಹುಡುಗರು ಈ ಇಂಜಿನ್ನನ್ನು ನಾರ್ಟನ್ನಿನ ಖಾಲಿ ಚಾಸಿಗೆ ಕೂರಿಸಿದರು. ಟ್ರಯಂಫೂ ನಾರ್ಟನ್ನೂ ಸೇರಿ ಟ್ರೈಟನ್ ಹುಟ್ಟಿತು. ಆಗಿನ ಟ್ರಯಂಫ್‌ನಲ್ಲಿ ಇಂಜಿನ್ನೂ ಗೇರ್‌ಬಾಕ್ಸೂ ಬೇರೆ ಬೇರೆ ಡಬ್ಬಿಗಳು. ಹಾಗಾಗಿ ಪ್ಲೇಟು ಎರಡನ್ನೂ ಹಿಡಿದು, ಅವುಗಳ ನಡುವಿನ ಅಂತರವನ್ನೂ ಕಾಯಬೇಕಿತ್ತು. ಈ ಪ್ಲೇಟುಗಳನ್ನೇ ಅಂಗಡಿಗಳು ಮಾರತೊಡಗಿದವು. 1965ರಲ್ಲಿ ಬಾರ್ಸಿಲೋನಾದ 24 ಗಂಟೆಗಳ ರೇಸನ್ನು ಡೇವ್ ಡೀಗನ್ಸ್ ಮತ್ತು ಜೊತೆಗಾರ ಗೆದ್ದದ್ದು ಇಂಥ ಬೆರಕೆ ಗಾಡಿಯಲ್ಲೇ. ಒಂದು ಹಗಲು ಒಂದು ರಾತ್ರಿ ಪೂರ್ತಿ ಆ ಪ್ಲೇಟು ಬಿರುಕು ಬಿಡಲಿಲ್ಲ ಅನ್ನುವುದೇ ನನಗೆ ದೊಡ್ಡ ಸುದ್ದಿ.

ಅವರು ವೇಗಕ್ಕೆ ಮಾಡಿದರು, ನಾವು ಮೈಲೇಜಿಗೆ ಮಾಡಿದೆವು. ಪೆಟ್ರೋಲಿಗಿಂತ ಡೀಸೆಲ್ ತುಂಬಾ ಅಗ್ಗವಾಗಿದ್ದ ಕಾಲದಲ್ಲಿ, ನೀರೆತ್ತಲು, ಜನರೇಟರ್ ತಿರುಗಿಸಲು ಬರುವಂಥ ಸಣ್ಣ ಡೀಸೆಲ್ ಇಂಜಿನ್‌ಗಳನ್ನು ಊರೂರಿನ ಗ್ಯಾರೇಜಿನವರು ಬುಲೆಟ್ಟಿಗೆ ಕೂರಿಸಿದರು. ಕೊನೆಗೆ ಎನ್‌ಫೀಲ್ಡ್ ಕಂಪನಿಯೇ 90ರ ದಶಕದಲ್ಲಿ ಗ್ರೀವ್ಸ್ ಕಂಪನಿಯ 325 ಸಿಸಿ ಇಂಜಿನ್ ಹಾಕಿ ಡೀಸೆಲ್ ಬುಲೆಟ್ ಮಾರಿತು. ಪೆಟ್ರೋಲ್ ಬುಲೆಟ್ಟಿನ ಶಕ್ತಿ 18 ಹೆಚ್‌ಪಿ, ಇದರದು ಆರೂವರೆ. ಏರಿನಲ್ಲಿ ಸೈಕಲ್ಲಿನವನು ಪಕ್ಕಕ್ಕೆ ಬಂದು ಕ್ಷೇಮ ವಿಚಾರಿಸಬಹುದಿತ್ತು. ಆದರೆ ಲೀಟರಿಗೆ 70 ಕಿಲೋಮೀಟರ್ ಆಸುಪಾಸು ಕೊಡುವ ಬುಲೆಟ್ಟು ಅಂದರೆ ಹಾಲಿನವರಿಗೆ ಇನ್ನೇನು ಬೇಕು? ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್ ನಡುಗುವ ಪರಿ ಮಾತ್ರ ಬೇರೆ. ನಟ್ಟು ಸಡಿಲ, ಬಲ್ಬು ಖಲಾಸ್, ಇಳಿದ ಮೇಲೂ ಅಂಗೈ ಜುಮ್ ಜುಮ್. ಆ ನಡುಕವೆಲ್ಲ ಚಾಸಿಗೆ ದಾಟುವ ಜಾಗ ಇದೇ ಪ್ಲೇಟು.

ಈಗ ಇದನ್ನು ರಸ್ತೆಗೆ ಇಳಿಸುವ ಮೊದಲು ಕಾನೂನು ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂಥ ಬದಲಾವಣೆ ಮಾಡುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. ನನಗಂತೂ ಇದರಲ್ಲಿ ಬೇಸರವಿಲ್ಲ. ಎದುರಿಗೆ ಬರುವ ಗಾಡಿಯ ಬೆಸುಗೆ ಯಾರು ಹಾಕಿದ್ದು ಅಂತ ನನಗೆ ಗೊತ್ತಿರುವುದಿಲ್ಲವಲ್ಲ. ತೋಟದೊಳಗೆ ಓಡಿಸಿಕೊಂಡರೆ, ಪ್ರದರ್ಶನಕ್ಕೆ ಇಟ್ಟರೆ ಅದು ಬೇರೆ ಮಾತು.

ಹಾಗೆ ಇಡಲಿಕ್ಕೆಂದು ಯಾರಾದರೂ ಇಂಥ ಗಾಡಿ ಕೊಳ್ಳಲು ಹೊರಟರೆ ಶಬ್ದಕ್ಕೆ ಮರುಳಾಗಬೇಡಿ. ಒಂದು ಟಾರ್ಚು ಹಿಡಿದು ಕುಕ್ಕರಗಾಲಿನಲ್ಲಿ ಕೂತು ಬೆಸುಗೆ ನೋಡಿ. ಗಾಡಿಯೆಲ್ಲ ಮಾಸಿದ್ದು ಪ್ಲೇಟಿನ ಸುತ್ತ ಮಾತ್ರ ಹೊಸ ಬಣ್ಣ ಮಿನುಗುತ್ತಿದ್ದರೆ, ‘ಇಲ್ಲಿ ಯಾಕೆ ಬಣ್ಣ ಹೊಡೆಸಿದ್ರಿ?’ ಅಂತ ಸುಮ್ನೆ ಒಂದು ಮಾತು ಕೇಳಿ. ಉತ್ತರ ತಡವಾದರೆ ಕಾಫಿ ಕುಡಿದು ಎದ್ದು ಬನ್ನಿ.