ಒಂದೇ ಸಮುದ್ರ, ಸಾವಿರ ಕ್ರಯಪತ್ರ

ಅರಬ್ಬೀ ಸಮುದ್ರಕ್ಕೆ ಕಂದಾಯ ಇಲಾಖೆಯಲ್ಲಿ ಸರ್ವೆ ನಂಬರ್ ಇಲ್ಲ, ಪಹಣಿಯೂ ಇಲ್ಲ. ಆದರೂ ಮಂಗಳೂರಿನಲ್ಲಿ ಅದು ಚದರ ಅಡಿಯ ಲೆಕ್ಕದಲ್ಲಿ ಪ್ರತಿದಿನ ಮಾರಾಟವಾಗುತ್ತಿದೆ. ಕದ್ರಿ, ಬಲ್ಮಠ, ಬೆಂದೂರ್‌ವೆಲ್, ಬಿಜೈ ಎಂದು ಯಾವ ಕಡೆ ತಿರುಗಿದರೂ ಹಸಿರು ಬಲೆ ಹೊದ್ದ ಗೋಪುರವೊಂದು ಮೇಲೇರುತ್ತಿರುತ್ತದೆ. ಅದರ ಕರಪತ್ರದ ಮೊದಲ ಪುಟದಲ್ಲಿ ಮನೆ ಇರುವುದಿಲ್ಲ, ಸೂರ್ಯಾಸ್ತ ಇರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಫ್ಲ್ಯಾಟಿಗೆ ಒಂದು ದರ, ಪೂರ್ವಕ್ಕೆ ಮುಖ ಮಾಡಿದ್ದಕ್ಕೆ ಇನ್ನೊಂದು, ಮಹಡಿ ಏರಿದಂತೆಲ್ಲ ‘ಫ್ಲೋರ್ ರೈಸ್’ ಎಂಬ ಹೆಸರಿನಲ್ಲಿ ಮತ್ತಷ್ಟು. ಬೆಂಗರೆಯ ಮೀನುಗಾರನಿಗೆ ಈ ದರಪಟ್ಟಿಯನ್ನು ಓದಿ ಹೇಳಿದರೆ, ತನ್ನ ಅಜ್ಜ ಎಷ್ಟು ಕೋಟಿಯ ಆಸ್ತಿಯ ಮೇಲೆ ಬಿಟ್ಟಿಯಾಗಿ ದೋಣಿ ನಡೆಸುತ್ತಿದ್ದನೆಂದು ಅವನು ಬೆರಗಾದಾನು.

ನಮ್ಮ ಪರಿಚಯದವರೊಬ್ಬರು ಗಲ್ಫಿನಲ್ಲಿ ಎರಡು ದಶಕ ದುಡಿದು ಉಳಿಸಿದ ಹಣದಿಂದ ಒಂಬತ್ತನೆಯ ಮಹಡಿಯಲ್ಲಿ ಇಂಥದೊಂದು ಸಮುದ್ರವನ್ನು ಕೊಂಡರು. ಮೂರು ವರ್ಷ ಅದು ಅವರ ಬಾಲ್ಕನಿಯಲ್ಲಿ ವಿಧೇಯವಾಗಿ ಮಿನುಗಿತು. ಬಳಿಕ ಎದುರಿನ ಹಿತ್ತಿಲಿನಲ್ಲಿ ಇಪ್ಪತ್ತು ಚಿಲ್ಲರೆ ಮಹಡಿಗಳ ಗೋಪುರ ಎದ್ದಿತು. ಈಗ ಅವರು ಸಂಜೆಯ ಚಹಾ ಕುಡಿಯುತ್ತಾ ನೋಡುವುದು ಅಪರಿಚಿತ ಕುಟುಂಬವೊಂದರ ವಾಷಿಂಗ್ ಮೆಷಿನನ್ನು. ಎದುರಿನ ಗೋಪುರದವರು ಅದೇ ಸಮುದ್ರವನ್ನು ಇನ್ನೂ ಹೆಚ್ಚಿನ ಬೆಲೆಗೆ ಕೊಂಡಿದ್ದಾರೆ. ಅವರ ಎದುರಿನ ಜಾಗಕ್ಕೆ ಕಳೆದ ತಿಂಗಳು ಮಣ್ಣು ಅಗೆಯುವ ಜೆಸಿಬಿ ಬಂದಿದೆ. ಒಂದೇ ಜಾಗವನ್ನು ಇಬ್ಬರಿಗೆ ಮಾರಿದವನ ಮೇಲೆ ವಂಚನೆಯ ಮೊಕದ್ದಮೆ ಹೂಡುವ ಕಾನೂನು, ಒಂದೇ ಸಮುದ್ರವನ್ನು ಸಾವಿರ ಮಂದಿಗೆ ಮಾರುವುದನ್ನು ನಗರದ ಬೆಳವಣಿಗೆ ಎಂದು ಕರೆಯುತ್ತದೆ. ಆದ್ದರಿಂದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಮುದ್ರ ನೋಟಕ್ಕೂ ಋಣಭಾರ ಪತ್ರ ಕೊಡುವ ಪದ್ಧತಿ ಆರಂಭವಾಗಬೇಕೆಂಬುದು ನನ್ನ ವಿನಮ್ರ ಸಲಹೆ. ಔಷಧದ ಬಾಟಲಿಯ ಮೇಲಿರುವಂತೆ ಅದರ ಮೇಲೆ ಅವಧಿ ಮುಗಿಯುವ ದಿನಾಂಕವನ್ನೂ ಮುದ್ರಿಸಿದರೆ ಉತ್ತಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಪರದೆಯಲ್ಲಿ ಕಡಲು ಹೇಗೂ ಕಾಣುವುದಿಲ್ಲ. ಆ ನಾಲ್ಕು ತಿಂಗಳು ಪಶ್ಚಿಮದ ಕಿಟಕಿಯ ಸಂದಿಯಿಂದ ನೀರೇ ಹಜಾರಕ್ಕೆ ಬರುವುದರಿಂದ, ಆ ಅವಧಿಗೆ ರಿಯಾಯಿತಿ ಕೇಳುವುದು ನ್ಯಾಯವಲ್ಲ.

ಈ ಗೋಪುರಗಳು ಎದ್ದ ಜಾಗದಲ್ಲಿ ಹಿಂದೆ ಇದ್ದದ್ದು ಇಪ್ಪತ್ತು ಇಪ್ಪತ್ತೈದು ಸೆಂಟ್ಸ್ ಹಿತ್ತಿಲು, ಹಂಚಿನ ಮನೆ, ದಾಸವಾಳದ ಬೇಲಿ, ಒಂದು ಹಲಸಿನ ಮರ ಮತ್ತು ಒಂದು ಬಾವಿ. ಮಕ್ಕಳು ಮುಂಬೈ, ದುಬೈಗಳಲ್ಲಿ ನೆಲೆಸಿದ ಮೇಲೆ ಹಂಚು ಕೈಯಾಡಿಸುವವರೂ ಸಿಗದೆ ಹೋದಾಗ ಯಜಮಾನರು ಬಿಲ್ಡರಿಗೆ ಜಾಗ ಕೊಟ್ಟು ಬದಲಿಗೆ ಫ್ಲ್ಯಾಟುಗಳನ್ನು ಪಡೆದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ವಿಚಿತ್ರವೆಂದರೆ ಇಂಥ ಕಡೆಗಳಲ್ಲಿ ಮೊದಲು ಮುಚ್ಚಿಹೋಗುವುದು ಬಾವಿ. ಒಂದು ಕುಟುಂಬಕ್ಕೆ ನೀರು ಕೊಟ್ಟ ಬಾವಿಯನ್ನು ಮುಚ್ಚಿ, ಅದರ ಮೇಲೆ ನೂರು ಕುಟುಂಬಗಳನ್ನು ಕೂರಿಸಿ, ಎಲ್ಲರನ್ನೂ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನ ಸುಪರ್ದಿಗೆ ಒಪ್ಪಿಸಲಾಗುತ್ತದೆ. 2019ರಲ್ಲೂ 2023ರಲ್ಲೂ ಬೇಸಿಗೆಯಲ್ಲಿ ತುಂಬೆಯ ನೀರಿನ ಮಟ್ಟ ಕುಸಿದು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಆಗ ಈಜುಕೊಳವಿರುವ ಗೋಪುರಗಳ ಗೇಟಿನಲ್ಲಿ ಟ್ಯಾಂಕರ್‌ಗಳು ಸಾಲುಗಟ್ಟಿದವು. ಟ್ಯಾಂಕರಿನ ನೀರು ಎಲ್ಲಿಂದ ಬರುತ್ತದೆಂದು ವಿಚಾರಿಸಿದರೆ, ನಗರದ ಹೊರವಲಯದಲ್ಲಿ ಇನ್ನೂ ಬಾವಿ ಮುಚ್ಚದೆ ಉಳಿಸಿಕೊಂಡ ಹಿಂದುಳಿದ ಮನುಷ್ಯನೊಬ್ಬನ ವಿಳಾಸ ಸಿಗುತ್ತದೆ.

ರಸ್ತೆಯ ವಿಷಯದಲ್ಲಿ ಮಾತ್ರ ನಿಯಮಪಾಲನೆ ಕಟ್ಟುನಿಟ್ಟಾಗಿದೆ. ಗೋಪುರದ ಮುಂದೆ ರಸ್ತೆಗೆಂದು ಜಾಗ ಬಿಟ್ಟುಕೊಡುವುದರಿಂದ ಅಲ್ಲಿ ಅದು ವಿಶಾಲವಾಗುತ್ತದೆ; ಪಕ್ಕದ ಹಳೆಯ ಆವರಣ ಗೋಡೆ ಬಂದ ಕೂಡಲೇ ಮತ್ತೆ ಬಾಟಲಿಯ ಕುತ್ತಿಗೆಯಷ್ಟಾಗುತ್ತದೆ. ವಿಶಾಲವಾದ ಭಾಗದ ನಟ್ಟನಡುವೆ ವಿದ್ಯುತ್ ಕಂಬ ನಿಂತಿರುತ್ತದೆ, ಸ್ಥಳಾಂತರದ ಆದೇಶಕ್ಕೆ ಕಾಯುತ್ತಾ. ಮಳೆನೀರಿಗಂತೂ ಈ ಊರಿನ ಹೆಸರುಗಳೇ ಇನ್ನೂ ನೆನಪಿವೆ. ಕೊಡಿಯಾಲ್‌ಬೈಲ್ ಎಂಬಲ್ಲಿನ ‘ಬೈಲು’ ತಗ್ಗಿನ ಗದ್ದೆ ಎಂಬುದನ್ನು ನಾವು ಮರೆತರೂ ನೀರು ಮರೆಯಲಿಲ್ಲ. 2018ರ ಮೇ 29ರಂದು ಒಂದೇ ದಿನದ ಮಳೆಗೆ ನಗರದ ತಗ್ಗು ಪ್ರದೇಶಗಳೆಲ್ಲ ಜಲಾವೃತವಾದವು. ಮಳೆನೀರು ಹರಿಯುವ ತೋಡುಗಳನ್ನು ಕಿರಿದಾಗಿಸಿದ್ದೇವೆ, ಮುರಕಲ್ಲಿನ ಗುಡ್ಡೆಗಳನ್ನು ಪಾರ್ಕಿಂಗಿಗಾಗಿ ಕಡಿದಾಗಿ ಕೊರೆಯುತ್ತಿದ್ದೇವೆ. 2024ರ ಜುಲೈ ತಿಂಗಳಲ್ಲಿ ಬಲ್ಮಠದ ನಿರ್ಮಾಣ ಸ್ಥಳವೊಂದರಲ್ಲಿ ಮಣ್ಣು ಕುಸಿದು ಕಾರ್ಮಿಕನೊಬ್ಬ ಸತ್ತ. ಅವನಿಗೆ ಯಾವ ಮಹಡಿಯಿಂದಲೂ ಸಮುದ್ರ ನೋಡುವ ಹಕ್ಕಿರಲಿಲ್ಲ.

ರಾತ್ರಿ ಎಂಟರ ಹೊತ್ತಿಗೆ ಕದ್ರಿ ಗುಡ್ಡದಿಂದ ನೋಡಿದರೆ ಈ ಗೋಪುರಗಳಲ್ಲಿ ಅಲ್ಲೊಂದು ಇಲ್ಲೊಂದು ಕಿಟಕಿ ಬೆಳಗಿರುತ್ತದೆ. ಉಳಿದವುಗಳ ಮಾಲೀಕರು ಕಡಲಿನ ಆಚೆ ದಡದಲ್ಲಿದ್ದಾರೆ. ಅವರಿಗೆ ಅಲ್ಲಿಂದಲೂ ಅದೇ ಸಮುದ್ರ ಕಾಣುತ್ತಿರಬಹುದು.

ಇನ್ನು ಮಾಡಿನ, ಅಂದರೆ ಮನೆಯ ಸೂರಿನ ವಿಚಾರ. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಮಂಗಳೂರು ಹಂಚಾಗಿ ಹಡಗು ಹತ್ತಿ ಹೊರದೇಶಗಳ ಮನೆಗಳ ಮೇಲೆ ಕುಳಿತಿತು. ಲೋಕಕ್ಕೆ ಮಾಡು ಹೊದಿಸಿದ ಊರು ತನ್ನ ಮಾಡನ್ನು ಕಿತ್ತು ಕಾಂಕ್ರೀಟಿನ ತಾರಸಿ ಹಾಕಿಕೊಂಡಿತು. ತಾರಸಿ ನಾಲ್ಕೈದು ಮಳೆಗಾಲಕ್ಕೆ ಸೋರತೊಡಗುವುದು ಕರಾವಳಿಯ ಮಾಮೂಲು. ಹೇಳಿದೆನಲ್ಲ, ಸಮುದ್ರ ಕಳೆದುಕೊಂಡ ನಮ್ಮ ಪರಿಚಯದವರು, ಅವರ ಅಪಾರ್ಟ್‌ಮೆಂಟಿನ ಸಂಘದಲ್ಲೂ ಕಳೆದ ವಾರ ಈ ಕುರಿತು ಸಭೆ ನಡೆಯಿತು. ಎರಡು ಗಂಟೆಗಳ ಚರ್ಚೆಯ ಬಳಿಕ ತಾರಸಿಯ ಮೇಲೆ ಇಳಿಜಾರಾಗಿ ತಗಡಿನ ಶೀಟು ಹಾಕಿಸುವುದೆಂದು ಸರ್ವಾನುಮತದ ನಿರ್ಣಯವಾಯಿತು. ಬಣ್ಣದ ಬಗ್ಗೆ ಭಿನ್ನಾಭಿಪ್ರಾಯ ಬಂದಾಗ ಗುತ್ತಿಗೆದಾರರು ಒಂದು ಮಾದರಿ ತೋರಿಸಿದರಂತೆ: ಕೆಂಪು ಬಣ್ಣ, ಹಂಚಿನದೇ ಅಚ್ಚು, ದೂರದಿಂದ ನೋಡಿದರೆ ಥೇಟ್ ಮಂಗಳೂರು ಹಂಚು. ದರ ಸ್ವಲ್ಪ ಹೆಚ್ಚು.